ಕಾನೂನು ಕಟ್ಟೆ: ಆ ಎಂಟು ಕಾರಣಗಳಲ್ಲಿ ಯಾವುದು?

ವಾಕ್ ಸ್ವಾತಂತ್ರ್ಯದ ಬಗ್ಗೆ ಪ್ರಶ್ನೆ ಕಳಿಸಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮೊಬೈಲಿನಲ್ಲಿ ಬರೆದ ಮಾತಿನಿಂದಾದ ತಾಪತ್ರಯದ್ದೇ ಆಗಿದ್ದವು. ಒಂದೇ ಬಗೆಯವನ್ನು ಕೂಡಿಸಿ ಆರು ಪ್ರಶ್ನೆಗಳನ್ನು ಆರಿಸಿದ್ದೇವೆ. ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇವೆ. ಉತ್ತರಿಸಿರುವವರು ಕಲಬುರಗಿ ಹೈಕೋರ್ಟ್ ಪೀಠದಲ್ಲಿ ವೃತ್ತಿಯಲ್ಲಿರುವ ನಮ್ಮ ಅಂಕಣದ ವಕೀಲರು.

ಪ್ರಶ್ನೆ: ವಕೀಲ ಸಾಹೇಬರೆ, ನಮ್ಮ ಓಣಿಗೆ ಹನ್ನೊಂದು ದಿನ ನಳದ ನೀರು ಬರಲಿಲ್ಲ. ಟ್ಯಾಂಕರ್ ಹಣದಲ್ಲಿ ಯಾರ ಯಾರ ಪಾಲು ಎಷ್ಟೆಷ್ಟು ಎಂದು ಕೇಳಿ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದೆ. ವಾರ್ಡಿನ ಸದಸ್ಯರ ಕಡೆಯವರು ಮನೆಗೆ ಬಂದು, ಪುರಸಭೆಯಿಂದ ಮಾನಹಾನಿ ಕೇಸು ಹಾಕಿಸುತ್ತೇವೆ, ದೇಶದ್ರೋಹದ ಕೇಸೂ ಬೀಳುತ್ತದೆ ಎಂದು ಹೆದರಿಸಿ ಹೋದರು. ಸ್ಟೇಟಸ್ ತೆಗೆದುಬಿಟ್ಟೆ. ನಾನು ಮಾಡಿದ್ದು ತಪ್ಪೇ? (ಕಲಬುರಗಿ ಜಿಲ್ಲೆಯ ಒಂದು ಪಟ್ಟಣದಿಂದ)

ಉತ್ತರ: ನೀರು ಬರಲಿಲ್ಲವೆಂದು ಬರೆದದ್ದು ತಪ್ಪಲ್ಲ. ನಿಮ್ಮ ಸ್ಟೇಟಸ್ಸಿನ ಒಂದು ಮಾತಿನ ಬಗ್ಗೆ ಮಾತ್ರ ಎಚ್ಚರ ಬೇಕಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಸಂವಿಧಾನದ 19(1)(ಎ) ಪ್ರತಿಯೊಬ್ಬ ನಾಗರಿಕನಿಗೂ ಮಾತು ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯವನ್ನು ಕೊಡುತ್ತದೆ. ಅದಕ್ಕೆ ಯಾವ ಕಾರಣಗಳಿಗಾಗಿ ಮಿತಿ ಹಾಕಬಹುದೆಂಬುದನ್ನು 19(2) ಹೇಳುತ್ತದೆ. ಭಾರತದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಎಂಬ ಎಂಟೇ ಕಾರಣಗಳು ಅಲ್ಲಿವೆ. ಈ ಪಟ್ಟಿಗೆ ಒಂಬತ್ತನೆಯದನ್ನು ಸೇರಿಸಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಜನವರಿಯಲ್ಲಿ, ಕೌಶಲ್ ಕಿಶೋರ್ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ಯಾರಾದರೂ ನಿಮ್ಮ ಬಾಯಿ ಮುಚ್ಚಿಸಲು ಬಂದರೆ ಕೇಳಬೇಕಾದದ್ದು ಇಷ್ಟೇ: ಯಾವ ಕಾನೂನು, ಮತ್ತು ಆ ಕಾನೂನು ಈ ಎಂಟರಲ್ಲಿ ಯಾವುದರ ಕೆಳಗೆ ಬರುತ್ತದೆ? ‘ಸಾಹೇಬರಿಗೆ ಸಿಟ್ಟು ಬಂದಿದೆ’ ಎಂಬುದು ಪಟ್ಟಿಯಲ್ಲಿಲ್ಲ.

ಈಗ ದೇಶದ್ರೋಹದ ಮಾತು. ಹಳೆಯ ದಂಡಸಂಹಿತೆಯ ಕಲಂ 124ಎ ಅನ್ನು ಸುಪ್ರೀಂ ಕೋರ್ಟ್ 1962ರಲ್ಲಿ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಉಳಿಸಿತಾದರೂ, ಹಿಂಸೆಗೆ ಅಥವಾ ಸಾರ್ವಜನಿಕ ಅವ್ಯವಸ್ಥೆಗೆ ಪ್ರಚೋದಿಸುವ ಮಾತಿಗಷ್ಟೇ ಅದು ಅನ್ವಯಿಸುತ್ತದೆ, ಸರ್ಕಾರವನ್ನು ಎಷ್ಟೇ ಕಟುವಾಗಿ ಟೀಕಿಸಿದರೂ ಅದು ಅಪರಾಧವಲ್ಲ ಎಂದು ಕಟ್ಟು ಹಾಕಿತು. ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಅವರು ಇದೇ ಕಲಮನ್ನು ಪ್ರಶ್ನಿಸಿ ಹೋದಾಗ, 2022ರ ಮೇ 11ರಂದು ನ್ಯಾಯಾಲಯ ಅದರ ಬಳಕೆಯನ್ನೇ ತಡೆಹಿಡಿಯಿತು. ಹಳೆಯ ದಂಡಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲ. ಅದರ ಜಾಗದಲ್ಲಿ ಕಲಂ 152 ಬಂದು ಕುಳಿತಿದೆ, ಮತ್ತು ಅದರ ಪದಗಳು ಕೆಲವೆಡೆ ಹಳೆಯದಕ್ಕಿಂತ ಸಡಿಲವಾಗಿವೆ ಎಂಬುದು ನನ್ನ ಅಭಿಪ್ರಾಯ. ಆದರೂ ಅದಕ್ಕೆ ಬೇಕಾದದ್ದು ಪ್ರತ್ಯೇಕತೆ, ಸಶಸ್ತ್ರ ಬಂಡಾಯ, ದೇಶದ ಅಖಂಡತೆಗೆ ಅಪಾಯ ಇಂಥ ಸಂಗತಿಗಳು. ನಳದಲ್ಲಿ ನೀರು ಬರಲಿಲ್ಲ ಎಂಬ ಮಾತಿನಿಂದ ದೇಶದ ಅಖಂಡತೆಗೆ ಅಪಾಯವಿಲ್ಲ.

ಮಾನಹಾನಿಯಲ್ಲಿ ಎರಡು ಬಗೆಯನ್ನು ಬೇರೆ ಬೇರೆಯಾಗಿ ನೋಡಬೇಕು. ಪುರಸಭೆ ಒಂದು ಸಂಸ್ಥೆಯಾಗಿ ತನ್ನ ಮಾನ ಹೋಯಿತೆಂದು ನಿಮ್ಮಿಂದ ಪರಿಹಾರ ಕೇಳುವ ದಾವೆ ಹೂಡಲು ಬರುವುದಿಲ್ಲ. ಸರ್ಕಾರ, ಸ್ಥಳೀಯ ಸಂಸ್ಥೆ ಮತ್ತು ಆಡಳಿತಾಧಿಕಾರ ಚಲಾಯಿಸುವ ಇತರ ಸಂಸ್ಥೆಗಳಿಗೆ ಆ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 1994ರ ರಾಜಗೋಪಾಲ್ ಪ್ರಕರಣದಲ್ಲೇ ತೀರ್ಮಾನಿಸಿದೆ. ಮೂವತ್ತು ವರ್ಷ ದಾಟಿದ ಈ ತೀರ್ಪು ನಮ್ಮ ಕಡೆಯ ಪುರಸಭೆಗಳಿಗೆ ಇನ್ನೂ ತಲುಪಿದಂತಿಲ್ಲ. ಆದರೆ ಸದಸ್ಯರು ಒಬ್ಬ ವ್ಯಕ್ತಿಯಾಗಿ ಕ್ರಿಮಿನಲ್ ಮಾನಹಾನಿಯ ದೂರು ಕೊಡಬಹುದು. 2016ರಲ್ಲಿ ಸುಪ್ರೀಂ ಕೋರ್ಟ್ ಈ ಅಪರಾಧವನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿದಿದೆ (ನನಗೆ ಆ ತೀರ್ಪು ಒಪ್ಪಿಗೆಯಾಗಿಲ್ಲ, ಆದರೆ ಕಾನೂನು ಕಾನೂನೇ). ಈಗ ಅದು ನ್ಯಾಯ ಸಂಹಿತೆಯ ಕಲಂ 356. ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆ ಅದಕ್ಕಿದೆ. ಇದು ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕಿ ಹಿಡಿದೊಯ್ಯುವ ಅಪರಾಧವಲ್ಲ. ಮಾನ ಹೋಯಿತೆನ್ನುವವರೇ ನ್ಯಾಯಾಲಯಕ್ಕೆ ಹೋಗಿ ದೂರು ಕೊಡಬೇಕು.

ಇನ್ನು ಎಚ್ಚರದ ಮಾತು. ನೀರು ಬಂದಿಲ್ಲ, ಟ್ಯಾಂಕರಿಗೆ ಎಷ್ಟು ಹಣ ಖರ್ಚಾಯಿತೆಂದು ಲೆಕ್ಕ ಕೊಡಿ ಎಂಬುದು ಟೀಕೆ. ಸಾರ್ವಜನಿಕ ಹುದ್ದೆಯಲ್ಲಿರುವವರ ಕೆಲಸದ ಬಗ್ಗೆ ಸದ್ಭಾವನೆಯಿಂದ ಆಡಿದ ಮಾತಿಗೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ‘ಯಾರ ಪಾಲು ಎಷ್ಟು’ ಎಂಬುದು ಮಾತ್ರ ಇಂಥವರು ಹಣ ತಿಂದಿದ್ದಾರೆ ಎಂಬ ಆರೋಪಕ್ಕೆ ಹತ್ತಿರ ಹೋಗುತ್ತದೆ, ಅದಕ್ಕೆ ಕೈಯಲ್ಲಿ ಕಾಗದ ಬೇಕು. ಮಾಹಿತಿ ಹಕ್ಕಿನ ಕೆಳಗೆ ಬಿಲ್ಲುಗಳ ಪ್ರತಿ ತೆಗೆಸಿಕೊಳ್ಳಿರಿ. ಅದರಲ್ಲಿರುವ ಅಂಕಿಗಳನ್ನೇ ಸ್ಟೇಟಸ್ಸಿಗೆ ಹಾಕಿದರೆ, ಮನೆಗೆ ಬಂದವರು ಎರಡನೆಯ ಸಲ ಬರುವ ಮುನ್ನ ತಮ್ಮ ವಕೀಲರನ್ನು ಕೇಳಿಕೊಂಡು ಬರುತ್ತಾರೆ.

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಖಾಸಗಿ ಶಾಲೆಯೊಂದರ ಶಿಕ್ಷಕಿ. ಸ್ನೇಹ ಸಮ್ಮೇಳನಕ್ಕೆ ಮಕ್ಕಳು ರೈತರ ಸಮಸ್ಯೆಯ ಬಗ್ಗೆ ನಾಟಕ ಆಡಬೇಕೆಂದಿದ್ದಾರೆ, ಅದರಲ್ಲಿ ಮಂತ್ರಿಯ ಪಾತ್ರವೂ ಬರುತ್ತದೆ. 2020ರಲ್ಲಿ ನಮ್ಮ ಊರಲ್ಲಿ ನಡೆದದ್ದು ನೆನಪಿದ್ದ ಆಡಳಿತ ಮಂಡಳಿಯವರು ಬೇಡವೆನ್ನುತ್ತಿದ್ದಾರೆ.

ಉತ್ತರ: ಮಂಡಳಿಯವರ ಅಂಜಿಕೆ ನನಗೆ ಅರ್ಥವಾಗುತ್ತದೆ. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಟೀಕಿಸುವ ನಾಟಕವನ್ನು ಮಕ್ಕಳು ಆಡಿದ್ದಕ್ಕೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಒಬ್ಬ ವಿದ್ಯಾರ್ಥಿನಿಯ ತಾಯಿ ಮತ್ತು ಮುಖ್ಯ ಶಿಕ್ಷಕಿ ಬಂಧನಕ್ಕೊಳಗಾಗಿ ಎರಡು ವಾರ ಜೈಲಿನಲ್ಲಿದ್ದರು, ಪೊಲೀಸರು ಮಕ್ಕಳನ್ನು ಮತ್ತೆ ಮತ್ತೆ ಪ್ರಶ್ನಿಸಿದರು. ಸಮವಸ್ತ್ರದಲ್ಲಿ ಹೋಗಿ ಮಕ್ಕಳನ್ನು ಹಾಗೆ ಪ್ರಶ್ನಿಸಿದ್ದು ಮೇಲ್ನೋಟಕ್ಕೆ ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು ಹೈಕೋರ್ಟ್ 2021ರಲ್ಲಿ ಹೇಳಿತು. ಕೊನೆಗೆ 2023ರ ಜೂನ್‌ನಲ್ಲಿ ನಮ್ಮ ಕಲಬುರಗಿ ಪೀಠವೇ ಶಾಲೆಯ ಆಡಳಿತದವರ ಮೇಲಿದ್ದ ಪ್ರಕರಣವನ್ನು ರದ್ದು ಮಾಡಿತು.

ಆ ತೀರ್ಪನ್ನು ಪೂರ್ತಿ ಓದಬೇಕು, ಏಕೆಂದರೆ ಅದರಲ್ಲಿ ಎರಡು ದನಿಗಳಿವೆ. ನಾಟಕ ಶಾಲೆಯ ಆವರಣದೊಳಗೆ ನಡೆದಿತ್ತು, ಹಿಂಸೆಗೆ ಪ್ರೇರೇಪಿಸುವ ಮಾತು ಅದರಲ್ಲಿರಲಿಲ್ಲ, ಎರಡು ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಉದ್ದೇಶವೂ ಕಾಣುವುದಿಲ್ಲ, ಆದ್ದರಿಂದ ದೇಶದ್ರೋಹವಿಲ್ಲ ಎಂಬುದು ಒಂದು ದನಿ. ಪ್ರಧಾನಿಗೆ ಪಾದರಕ್ಷೆಯಿಂದ ಹೊಡೆಯಬೇಕೆಂಬಂಥ ಮಾತು ಅವಹೇಳನಕಾರಿ ಹಾಗೂ ಬೇಜವಾಬ್ದಾರಿಯದು, ಸರ್ಕಾರದ ನೀತಿಗಳ ಟೀಕೆಯನ್ನು ಶಾಲಾ ಮಕ್ಕಳಿಗೆ ಹೇಳಿಕೊಡದಿರುವುದು ಒಳ್ಳೆಯದು ಎಂಬುದು ಇನ್ನೊಂದು. ಎರಡನೆಯದು ಬುದ್ಧಿಮಾತೇ ಹೊರತು ನಿಷೇಧವಲ್ಲ. ಅವಹೇಳನಕಾರಿ ಎಂದು ನ್ಯಾಯಾಲಯವೇ ಕರೆದ ಮಾತು ಕೂಡ ಅಪರಾಧವಾಗಲಿಲ್ಲ ಎಂಬುದನ್ನು ಗಮನಿಸಿರಿ.

ರೈತರ ನಾಟಕ ಆಡಿಸಿರಿ. ತೊಗರಿಯ ನಾಡಿನಲ್ಲಿ ಮಕ್ಕಳು ಬೆಳೆಯ ಬೆಲೆಯ ಬಗ್ಗೆ ಮಾತಾಡದೆ ಇನ್ನೇನು ಮಾತಾಡಬೇಕು? ಮಂತ್ರಿಯ ಪಾತ್ರವನ್ನು ನಗೆಪಾಟಲು ಮಾಡಬಹುದು. ಯಾರನ್ನಾದರೂ ಹೊಡೆಯಿರಿ, ಸುಡಿರಿ ಎಂಬ ಮಾತು ಮಾತ್ರ ಸಂಭಾಷಣೆಯಲ್ಲಿ ಬೇಡ. ಸಂಭಾಷಣೆಯ ಒಂದು ಪ್ರತಿಯನ್ನು ಶಾಲೆಯ ಕಡತದಲ್ಲಿಡಿ. ಆ ಪ್ರಕರಣದಲ್ಲಿ ನಾಟಕ ಹೊರಗಿನವರಿಗೆ ತಿಳಿದದ್ದು ಫೇಸ್‌ಬುಕ್ಕಿಗೆ ಏರಿದ ಮೇಲೆ. ಯಾರೋ ಕತ್ತರಿಸಿ ಹಂಚಿದ ಅರ್ಧ ನಿಮಿಷದ ತುಣುಕಿನ ಮುಂದೆ ಇಡೀ ನಾಟಕವನ್ನು ತೋರಿಸಲು ಆ ಪ್ರತಿ ಬೇಕಾಗುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಮಾತಿಗೆ ಮಿತಿಯೇ ಇಲ್ಲವಂತೆ, ನಮ್ಮಲ್ಲಿ ಕೊಟ್ಟ ಕೈಯಿಂದಲೇ ಕಿತ್ತುಕೊಂಡಿದ್ದಾರೆ ಎಂದು ನಮ್ಮ ಕಾಲೇಜಿನ ಚರ್ಚೆಯಲ್ಲಿ ಒಬ್ಬರು ವಾದಿಸಿದರು. ನಿಜವೇ? (ಕಾನೂನು ವಿದ್ಯಾರ್ಥಿ, ಕಲಬುರಗಿ)

ಉತ್ತರ: ಅರ್ಧ ನಿಜ. ಅಮೆರಿಕದಲ್ಲೂ ಮಿತಿ ಇದೆ, ಆದರೆ ಅದು ಸಂವಿಧಾನದ ಅಕ್ಷರದಲ್ಲಿಲ್ಲ, ನ್ಯಾಯಾಲಯಗಳು ತೀರ್ಪುಗಳ ಮೂಲಕ ಕಟ್ಟಿಕೊಂಡು ಬಂದದ್ದು. 1969ರ ಬ್ರಾಂಡೆನ್‌ಬರ್ಗ್ ತೀರ್ಪಿನ ನಂತರ ಅಲ್ಲಿ, ಕೂಡಲೇ ಕಾನೂನುಭಂಗಕ್ಕೆ ಎಬ್ಬಿಸುವ ಉದ್ದೇಶವೂ ಹಾಗೆ ಆಗುವ ಸಂಭವವೂ ಇದ್ದಾಗ ಮಾತ್ರ ಪ್ರಚೋದನೆಯ ಮಾತನ್ನು ಶಿಕ್ಷಿಸಬಹುದು. ನಮ್ಮಲ್ಲಿ ಮಿತಿಯ ಕಾರಣಗಳನ್ನು ಸಂವಿಧಾನದಲ್ಲೇ ಬರೆದಿಟ್ಟಿದ್ದಾರೆ. ಆ ಬರಹ ಹೇಗೆ ಬಂತೆಂಬ ಕತೆಯನ್ನು ನಿಮ್ಮ ಚರ್ಚೆಯವರು ತಿಳಿದರೆ ವಾದ ಗಟ್ಟಿಯಾಗುತ್ತದೆ.

1950ರ ಮೂಲ ಪಾಠದ 19(2)ರಲ್ಲಿ ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಪದವೇ ಇರಲಿಲ್ಲ. ಮುಂಬೈಯಿಂದ ಹೊರಡುತ್ತಿದ್ದ ಎಡಪಂಥೀಯ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ ತನ್ನ ಪ್ರಾಂತಕ್ಕೆ ಬರಕೂಡದೆಂದು ಮದ್ರಾಸ್ ಸರ್ಕಾರ ನಿಷೇಧಿಸಿತು. ದೆಹಲಿಯ ಮುಖ್ಯ ಆಯುಕ್ತರು ‘ಆರ್ಗನೈಸರ್’ ಪತ್ರಿಕೆಗೆ, ಅಚ್ಚಿಗೆ ಹೋಗುವ ಮೊದಲೇ ಬರಹಗಳನ್ನು ತೋರಿಸಬೇಕೆಂದು ಆಜ್ಞೆ ಮಾಡಿದರು. ಒಂದು ಎಡದ ತುದಿ, ಒಂದು ಬಲದ ತುದಿ. ಎರಡೂ ಪ್ರಕರಣಗಳನ್ನು ಸುಪ್ರೀಂ ಕೋರ್ಟ್ 1950ರ ಮೇ 26ರಂದು ಒಂದೇ ದಿನ ತೀರ್ಮಾನಿಸಿ, ಎರಡೂ ಪತ್ರಿಕೆಗಳ ಪರವಾಗಿ ಹೇಳಿತು. ಯಾರ ಮಾತು ಎಂಬುದನ್ನು ನೋಡದೆ ಹಕ್ಕನ್ನು ನೋಡಿದ ಆ ದಿನದ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಈಗ ಎರಡೂ ಪಕ್ಷದವರು ತಮಗೆ ಬೇಕಾದ ತೀರ್ಪೊಂದನ್ನೇ ನೆನೆಯುತ್ತಾರೆ.

ಮರುವರ್ಷವೇ, 1951ರ ಜೂನ್‌ನಲ್ಲಿ, ಸಂವಿಧಾನದ ಮೊದಲ ತಿದ್ದುಪಡಿ ಬಂತು. ಸಾರ್ವಜನಿಕ ಸುವ್ಯವಸ್ಥೆ, ವಿದೇಶಗಳೊಡನೆ ಸ್ನೇಹ ಸಂಬಂಧ, ಅಪರಾಧಕ್ಕೆ ಪ್ರಚೋದನೆ ಎಂಬ ಮೂರು ಕಾರಣಗಳು ಸೇರಿದವು. 1963ರಲ್ಲಿ ಹದಿನಾರನೆಯ ತಿದ್ದುಪಡಿಯಿಂದ ಸಾರ್ವಭೌಮತೆ ಮತ್ತು ಅಖಂಡತೆ ಕೂಡಿಕೊಂಡಿತು. ಸಂಸತ್ತು ಹಕ್ಕನ್ನು ಮೊಟಕು ಮಾಡಿತೆಂದು ಎಲ್ಲರೂ ಹೇಳುತ್ತಾರೆ, ಅದು ಸರಿ. ಆದರೆ 1951ರ ತಿದ್ದುಪಡಿಯೇ 19(2)ಕ್ಕೆ ‘ಸಮಂಜಸ’ ಎಂಬ ಒಂದು ಪದವನ್ನೂ ಸೇರಿಸಿತು. ಮಿತಿಗಳು ಸಮಂಜಸವಾಗಿರಬೇಕು, ಸಮಂಜಸವೋ ಅಲ್ಲವೋ ಎಂಬುದನ್ನು ನ್ಯಾಯಾಲಯ ನೋಡಬೇಕು. ಮುಂದಿನ ಎಪ್ಪತ್ತು ವರ್ಷ ನಾಗರಿಕರು ಗೆದ್ದ ಪ್ರಕರಣಗಳಲ್ಲಿ ಬಹುಪಾಲು ಈ ಒಂದು ಪದದ ಆಸರೆಯಿಂದ ನಿಂತಿವೆ.

1960ರ ರಾಮ ಮನೋಹರ ಲೋಹಿಯಾ ಪ್ರಕರಣವನ್ನೇ ನೋಡಿರಿ. ಹೆಚ್ಚಿಸಿದ ಕಾಲುವೆ ನೀರಿನ ಕರ ಕೊಡಬೇಡಿರೆಂದು ಉತ್ತರ ಪ್ರದೇಶದ ರೈತರಿಗೆ ಅವರು ಭಾಷಣ ಮಾಡಿದ್ದರು. ಅದನ್ನು ಅಪರಾಧವಾಗಿಸಿದ್ದ ಕಾನೂನಿಗೂ ಸುವ್ಯವಸ್ಥೆಗೂ ನಿಕಟ ಸಂಬಂಧವಿರಬೇಕು, ದೂರದ ಊಹೆಯ ಸಂಬಂಧ ಸಾಲದು ಎಂದು ನ್ಯಾಯಾಲಯ ಆ ಕಲಮನ್ನು ಹೊಡೆದುಹಾಕಿತು. ಕಂಪ್ಯೂಟರ್, ಮೊಬೈಲುಗಳಲ್ಲಿ ಕಳಿಸಿದ ‘ಕಿರಿಕಿರಿಯ’ ಸಂದೇಶವನ್ನೂ ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ಎ 2015ರ ಮಾರ್ಚ್ 24ರಂದು ಬಿದ್ದುಹೋದದ್ದೂ ಇದೇ ಹಾದಿಯಲ್ಲಿ. ಚರ್ಚೆ, ಸಮರ್ಥನೆ, ಪ್ರಚೋದನೆ ಎಂಬ ಮೂರು ಮೆಟ್ಟಿಲುಗಳಲ್ಲಿ ಮೂರನೆಯದಕ್ಕೆ ಕಾಲಿಟ್ಟಾಗ ಮಾತ್ರ ಕಾನೂನು ಅಡ್ಡ ಬರಬಹುದು ಎಂದು ಶ್ರೇಯಾ ಸಿಂಘಾಲ್ ತೀರ್ಪು ಹೇಳಿತು. ಸತ್ತ ಆ ಕಲಮನ್ನು ಠಾಣೆಗಳು ವರ್ಷಗಟ್ಟಲೆ ಬಳಸುತ್ತಲೇ ಇದ್ದವು. ಅದರಡಿ ಯಾರನ್ನೂ ವಿಚಾರಣೆಗೊಳಪಡಿಸಬಾರದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಆಜ್ಞೆ ಮಾಡಬೇಕಾಯಿತು.

ನಮ್ಮ ಭಾಗದವರು ಇದನ್ನೂ ನೆನೆಯಬೇಕು. ನಿಜಾಮರ ಆಳ್ವಿಕೆಯಲ್ಲಿ ಒಂದು ಸಭೆ ಸೇರಲು ‘ಗಸ್ತಿ 53’ ಎಂಬ ಸುತ್ತೋಲೆಯಂತೆ ಸರ್ಕಾರದ ಅನುಮತಿ ಬೇಕಿತ್ತು. ರಜಾಕಾರರ ವಿರುದ್ಧ ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಂದರು. ಒಂದೂವರೆ ವರ್ಷದೊಳಗೆ 19(1)(ಎ) ಈ ನೆಲಕ್ಕೆ ಬಂತು. ಕಿತ್ತುಕೊಂಡದ್ದರ ಲೆಕ್ಕ ಹಾಕುವಾಗ ಕೊಟ್ಟದ್ದರ ತೂಕವೂ ತಿಳಿದಿರಬೇಕು.

ಪ್ರಶ್ನೆ: ನಾನು ಊರಿನ ಯುವಕರ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್. ಯಾರೋ ಹಾಕಿದ್ದಕ್ಕೆ ನನ್ನ ಮೇಲೆ ಕೇಸಾಗುತ್ತದೆಯೇ? (ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ)

ಉತ್ತರ: ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಆಗುವುದಿಲ್ಲ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೀಗೆಯೇ ತೀರ್ಮಾನಿಸಿವೆ. ಸದಸ್ಯರು ಏನು ಹಾಕುತ್ತಾರೆಂದು ಮೊದಲೇ ತಿಳಿಯುವ ದಾರಿ ಅಡ್ಮಿನ್‌ಗೆ ಇಲ್ಲ. ನೀವೂ ಅವರೊಡನೆ ಸೇರಿ ಸಂಚು ಮಾಡಿದ್ದರೆ, ಅಥವಾ ನೀವೇ ಅದನ್ನು ಮುಂದೆ ಕಳಿಸಿದ್ದರೆ ಮಾತು ಬೇರೆ. ಇವು ಬೇರೆ ರಾಜ್ಯಗಳ ಹೈಕೋರ್ಟಿನ ತೀರ್ಪುಗಳಾದ್ದರಿಂದ ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೂ ತೂಕವುಳ್ಳವು. ಕೆಟ್ಟ ಸಂದೇಶ ಕಂಡ ಕೂಡಲೇ ಅಳಿಸಿಬಿಡಿರಿ.

ಪ್ರಶ್ನೆ: ಎಲ್ಲರೂ ಬರೆಯುವವರ ಹಕ್ಕನ್ನೇ ಹೇಳುತ್ತೀರಿ. ಶರಣರನ್ನು ಹೀನಾಯವಾಗಿ ಬರೆದ ಪೋಸ್ಟ್ ನೋಡಿ ನಮ್ಮ ಮನೆಯ ಹಿರಿಯರು ಎರಡು ದಿನ ಊಟ ಬಿಟ್ಟರು. ನಮ್ಮ ಭಾವನೆಗೆ ಬೆಲೆ ಇಲ್ಲವೇ? (ಬಸವಕಲ್ಯಾಣ)

ಉತ್ತರ: ನಿಮ್ಮ ಹಿರಿಯರ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮೇಲೆ ಹೇಳಿದ ಎಂಟು ಕಾರಣಗಳಲ್ಲಿ ‘ಭಾವನೆ’ ಇಲ್ಲ. ಧಾರ್ಮಿಕ ಭಾವನೆಗೆ ಸಂಬಂಧಿಸಿದ, ನ್ಯಾಯ ಸಂಹಿತೆಯ ಕಲಂ 299 (ಹಳೆಯ ದಂಡಸಂಹಿತೆಯ 295ಎ) ನಿಂತಿರುವುದು ಸಾರ್ವಜನಿಕ ಸುವ್ಯವಸ್ಥೆ ಎಂಬ ಕಾರಣದ ಮೇಲೆ. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯುವಾಗ, ಎಲ್ಲ ಅವಮಾನವೂ ಅಪರಾಧವಲ್ಲ, ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಕೆರಳಿಸಬೇಕೆಂದು ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಮಾಡಿದ್ದು ಮಾತ್ರ ಅಪರಾಧ ಎಂದಿತು. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಅವರನ್ನು ದೇವರ ರೂಪದಲ್ಲಿ ತೋರಿಸಿದ ಪತ್ರಿಕೆಯ ಮುಖಪುಟದ ಪ್ರಕರಣವನ್ನು 2017ರಲ್ಲಿ ರದ್ದು ಮಾಡುವಾಗಲೂ, ತಿಳಿಯದೆ ಅಥವಾ ಅಜಾಗರೂಕತೆಯಿಂದ ಮಾಡಿದ್ದು ಈ ಕಲಮಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು.

ನೀವಿರುವ ಊರಿನ ಮಾತೊಂದನ್ನು ಹೇಳಿದರೆ ತಪ್ಪು ತಿಳಿಯಬಾರದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಜಾತಿಯನ್ನು, ಯಜ್ಞವನ್ನು, ಕಲ್ಲುದೇವರ ಪೂಜೆಯನ್ನು ಕುರಿತು ಆಡಿದ ಮಾತುಗಳಿಂದ ಅಂದಿನ ಬಹಳ ಮಂದಿಯ ಭಾವನೆಗೆ ನೋವಾಗಿತ್ತು. ಅವರ ಮೇಲೆ ಇಂದಿನ ಯಾವ ಕಲಂ ಬೀಳುತ್ತಿತ್ತೆಂದು ನಾನು ಆಗಾಗ ಯೋಚಿಸುತ್ತೇನೆ. ಅವರಿಗೂ ‘ದುರುದ್ದೇಶ’ ಎಂಬ ಪದವೇ ರಕ್ಷಣೆಯಾಗುತ್ತಿತ್ತು.

ನಿಮಗೆ ದಾರಿ ಇಲ್ಲವೆಂದಲ್ಲ. ಆ ಪೋಸ್ಟ್ ಒಂದು ಸಮುದಾಯದ ಮೇಲೆ ದ್ವೇಷ ಹಬ್ಬಿಸುವಂತಿದ್ದರೆ ಅದೇ ಸಂಹಿತೆಯ ಕಲಂ 196ರಡಿ ದೂರು ಕೊಡಬಹುದು. ದ್ವೇಷ ಭಾಷಣದ ಪ್ರಕರಣಗಳಲ್ಲಿ ದೂರಿಗೆ ಕಾಯದೆ ಪೊಲೀಸರೇ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಆದರೆ ಬರೆದವನ ಮನೆ ಮುಂದೆ ಗುಂಪು ಸೇರಿಸಿದರೆ ಕಾನೂನು ನಿಮ್ಮ ಕಡೆ ಇರುವುದಿಲ್ಲ. ತಮಿಳು ಚಿತ್ರವೊಂದರ ಪ್ರಕರಣದಲ್ಲಿ 1989ರಲ್ಲೇ, ಗಲಾಟೆಯ ಬೆದರಿಕೆ ಇದೆಯೆಂದು ಮಾತನ್ನು ಅಡಗಿಸಲಾಗದು, ಮಾತಾಡುವವನನ್ನು ಕಾಪಾಡುವುದು ಸರ್ಕಾರದ ಕರ್ತವ್ಯ ಎಂದು ತೀರ್ಪಾಗಿದೆ.

ಪ್ರಶ್ನೆ: ನಾನು ಬರೆದ ಕವಿತೆಯ ಬಗ್ಗೆ ಯಾರೋ ದೂರು ಕೊಟ್ಟಿದ್ದಾರೆ, ಠಾಣೆಗೆ ಬಂದು ಹೋಗು ಎಂದು ಫೋನ್ ಬಂದಿದೆ. ಹೋಗಲೋ ಬೇಡವೋ? (ಸುರಪುರ)

ಉತ್ತರ: ಹೋಗಿರಿ, ಒಬ್ಬರೇ ಹೋಗಬೇಡಿರಿ. ಫೋನಿನ ಮಾತಿನ ಬದಲು ಲಿಖಿತ ನೋಟಿಸ್ ಕೊಡಿರೆಂದು ವಿನಯದಿಂದ ಕೇಳಿರಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವಿಲ್ಲವೆಂದು ಕಂಡಾಗ ತನಿಖೆ, ಬಂಧನಗಳ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರಡಿ ನೋಟಿಸ್ ಕೊಡಬೇಕು. ನೋಟಿಸಿನಂತೆ ನಡೆದುಕೊಂಡವರನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ.

ಅದಕ್ಕಿಂತ ಮೊದಲು ಕೇಳಬೇಕಾದದ್ದು, ಎಫ್‌ಐಆರ್ ದಾಖಲಾಗಿದೆಯೇ ಎಂಬುದು. ಗುಜರಾತಿನಲ್ಲಿ ಒಂದು ಕವಿತೆಗಾಗಿ ಇಮ್ರಾನ್ ಪ್ರತಾಪ್‌ಗಢಿ ಅವರ ಮೇಲೆ ಹಾಕಿದ್ದ ಎಫ್‌ಐಆರನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರಂದು ರದ್ದು ಮಾಡಿ, ಠಾಣೆಗಳಿಗೆ ನೇರವಾಗಿ ಅನ್ವಯಿಸುವ ಮಾತೊಂದನ್ನು ಹೇಳಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಮಾತಿನ ಅಪರಾಧವೆಂಬ ದೂರು ಬಂದಾಗ, ಸುರಕ್ಷಾ ಸಂಹಿತೆಯ ಕಲಂ 173(3)ರಂತೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಿ, ಮೇಲ್ನೋಟಕ್ಕೆ ಅಪರಾಧವಿದೆಯೇ ಎಂದು ನೋಡಿ ಮುಂದುವರಿಯುವುದು ಯಾವಾಗಲೂ ಸೂಕ್ತ. ಕವಿತೆಯ ಪರಿಣಾಮವನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನ ವಿವೇಕಿಯ ಕಣ್ಣಿನಿಂದ, ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನವರ ಕಣ್ಣಿನಿಂದಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ನ್ಯಾಯ ಸಂಹಿತೆಯ ಕಲಂ 196 ಮತ್ತು 299 ಎರಡಕ್ಕೂ ಮೂರು ವರ್ಷದ ಶಿಕ್ಷೆ ಇರುವುದರಿಂದ, ದೂರು ಇವುಗಳಡಿ ಇದ್ದರೆ ಇದು ನಿಮ್ಮ ಪ್ರಕರಣಕ್ಕೆ ಹೊಂದುತ್ತದೆ. ಎಫ್‌ಐಆರ್ ಆಗಿ ದೋಷಾರೋಪ ಪಟ್ಟಿ ಬಂದರೂ, ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಈ ಎರಡು ಕಲಮುಗಳಡಿ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ.

ತೀರ್ಪಿನ ಪ್ರತಿಯನ್ನು ಜೊತೆಗೆ ಒಯ್ಯಿರಿ. ಎರಡು ಪ್ರತಿ ಒಯ್ದರೆ ಒಳ್ಳೆಯದು. ಒಂದನ್ನು ಪಿಎಸ್‌ಐ ಸಾಹೇಬರ ಮೇಜಿನ ಮೇಲೆ ಬಿಟ್ಟು, ಕೊಟ್ಟದ್ದಕ್ಕೆ ಇನ್ನೊಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿರಿ.